ಸುಬ್ಬಯ್ಯನ ಪರವಾಗಿ ಒಂದು ಭಾಷಣ

ಕಿಣತ್ತುಕಡವಿನಲ್ಲಿ ಬಸ್ಸಿಳಿದು ಊರಿನ ದಾರಿ ಹಿಡಿದ ಎಂ.ಎಲ್.ಎ. ದೊರೈಸಾಮಿಗೆ ಮೊದಲು ಎದುರಾದದ್ದು ಸುಬ್ಬಯ್ಯನ ಗುಡಿಸಲಿನ ಬಾಗಿಲು. ಅದು ಎತ್ತಿನ ಗಾಡಿಯ ಮೇಲೆ ಮಲಗಿತ್ತು. ಬಾಗಿಲ ಮೇಲೆ ಒರಳು, ಮಡಕೆಗಳು, ಸುತ್ತಿದ ಚಾಪೆ. ಗಾಡಿಯ ಹಿಂಬದಿಯಲ್ಲಿ ಕೋಳಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಬ್ಬಯ್ಯನ ಹೆಂಡತಿ ಸಾಮಿಯಾತಾಳ್ ಕೂತಿದ್ದಳು. ದೊರೈಸಾಮಿಯ ಮನೆಯ ಪಡುವಣ ಹೊಲವನ್ನು ಗೇಣಿಗೆ ಉಳುತ್ತಿದ್ದವನು ಸುಬ್ಬಯ್ಯನ್. ಅವನ ಅಪ್ಪ ಉತ್ತದ್ದೂ ಅದನ್ನೇ.

ಗಾಡಿ ನಿಲ್ಲಿಸಿ ಇಳಿದ ಸುಬ್ಬಯ್ಯನ್ ತಲೆವಸ್ತ್ರವನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಕೈ ಮುಗಿದ. ಅವನ ಮುಖ ಅರಳಿತ್ತು.

“ಐಯಾ, ಮದರಾಸಿಂದ ಈಗ ಬಂದಿರಾ? ನೀವು ಅಸೆಂಬ್ಲೀಲಿ ಮಾತಾಡಿದ್ದನ್ನ ಟೀ ಅಂಗಡೀಲಿ ಪೇಪರ್ ನೋಡಿ ಓದಿ ಹೇಳಿದ್ರು. ಉಳೋನನ್ನ ಹೊಲದಿಂದ ಎಬ್ಬಿಸಬಾರದು ಅಂದಿರಂತೆ. ಕೇಳಿ ಮೈ ಜುಮ್ಮಂತು,” ಎಂದ.

“ಅದಿರಲಿ. ಸಾಮಾನು ಹೇರಿಕೊಂಡು ಎಲ್ಲಿಗೆ ಹೊರಟೆ?”

“ನೆಗಮಂ ಹತ್ರ ಇವಳ ತಮ್ಮ ಇದ್ದಾನೆ, ಅಲ್ಲಿಗೆ. ನಿಮ್ಮಣ್ಣ, ದೊಡ್ಡ ಐಯಾ, ಹೊಲ ಬಿಡು ಅಂದ್ರು.” ಅವನ ದನಿಯಲ್ಲಿ ದೂರು ಇರಲಿಲ್ಲ. ಯಾರೋ ತನಗೆ ತಿಳಿಸಿ ಹೇಳಿದ್ದನ್ನು ತಾನು ಇನ್ನೊಬ್ಬರಿಗೆ ತಿಳಿಸಿ ಹೇಳುವಂತೆ ಮುಂದುವರಿಸಿದ: “ಕಾನೂನು ಬಂದ್ಮೇಲೆ ನನ್ನನ್ನ ಕಳಿಸೋಕಾಗಲ್ಲವಂತೆ ಐಯಾ. ಅದಕ್ಕೇ ಈಗಲೇ ಹೋಗು ಅಂದ್ರು.”

ಆ ಭಾಷಣಕ್ಕೆ ಅಂದು ಸಭೆಯಲ್ಲಿ ಆಚೆ ಪಕ್ಷದವರೂ ಮೇಜು ಕುಟ್ಟಿದ್ದರು. ಆ ಸದ್ದನ್ನು ನೆನೆನೆನೆದು ರೈಲಿನಲ್ಲಿ ದೊರೈಸಾಮಿಗೆ ನಿದ್ದೆ ಹತ್ತಿರಲಿಲ್ಲ.

“ಗಾಡಿ ತಿರುಗಿಸು. ನಾನು ಮನೆಗೆ ಹೋಗಿ ಬರೋವರೆಗೆ ಎಲ್ಲಿಗೂ ಹೋಗಬೇಡ,” ಎಂದವನೇ ದಾಪುಗಾಲು ಹಾಕಿದ.

ಇನ್ನೂ ಮಳೆ ಕಾಣದ ನೆಲ. ಆದರೂ ದಾರಿಯ ಎರಡೂ ಕಡೆ ನೇಗಿಲು ಹೂಡಿದ್ದರು. ಮಣ್ಣು ಹೆಂಟೆ ಹೆಂಟೆಯಾಗಿ ಏಳುತ್ತಿತ್ತು. ಬದುವಿನ ಮೇಲೆ ಕೊಡೆ ಹಿಡಿದು ನಿಂತವರು ಎಂದೂ ಹೊಲಕ್ಕೆ ಇಳಿದವರಲ್ಲ. ಹೊಲದ ಪಟ್ಟಾ ಅವರ ಹೆಸರಲ್ಲಿತ್ತು, ಅಷ್ಟೆ. ಅವರಲ್ಲೊಬ್ಬ ದೊರೈಸಾಮಿಯನ್ನು ಕಂಡು ನಗುತ್ತ ಕೈ ಎತ್ತಿದ. ದೊರೈಸಾಮಿ ಕಾಣದವನಂತೆ ನಡೆದ. ಬೆವರಿಗೆ ಖಾದಿ ಜುಬ್ಬ ಬೆನ್ನಿಗೆ ಅಂಟಿಕೊಂಡಿತ್ತು.

ಅಣ್ಣ ಮಾಯಣ್ಣ ಜಗುಲಿಯ ಮೇಲೆ ಕೂತಿದ್ದ. “ಬಾ ದೊರೈ. ಪೇಪರಲ್ಲಿ ನಿನ್ನ ಹೆಸರು ದಪ್ಪಕ್ಷರದಲ್ಲಿ ಬಂದಿದೆ. ಕೈಕಾಲು ತೊಳಿ, ಅತ್ತಿಗೆ ಶಾವಿಗೆ ಮಾಡಿದ್ದಾಳೆ.”

“ಸುಬ್ಬಯ್ಯನ್ನ ಯಾಕಣ್ಣಾ ಎಬ್ಬಿಸಿದ್ರಿ?”

“ಇನ್ಮೇಲೆ ಯಾರೂ ಎಬ್ಬಿಸೋಕಾಗಲ್ಲ ಅಂತ ನೀನೇ ಹೇಳಿದ್ದಲ್ಲ? ಹೊಲ ಇರೋರೆಲ್ಲ ಓದಿದ್ರು. ಮಾರನೇ ದಿನ ಬೆಳಗಾಗೋಷ್ಟರಲ್ಲಿ ಗೇಣಿದಾರರನ್ನ ಎಬ್ಬಿಸಿ ತಮ್ಮದೇ ನೇಗಿಲು ಹೂಡೋಕೆ ಶುರು ಮಾಡಿದ್ರು. ಈ ಊರಲ್ಲಿ ನಾನೇ ಕೊನೆಯವನು.”

“ನಾನು ಮಾತಾಡಿದ್ದು ಅವರನ್ನ ಉಳಿಸೋಕೆ!”

“ಗೊತ್ತಪ್ಪ. ಚೆನ್ನಾಗೇ ಮಾತಾಡಿದ್ದೀಯ, ಬೇಡ ಅಂದೋರು ಯಾರು? ಆದ್ರೆ ಎಲೆಕ್ಷನ್‌ನಲ್ಲಿ ನಿನ್ನ ಜೀಪು ಓಡಿದ್ದು ಆ ಹೊಲದ ಹತ್ತಿಯಿಂದ. ನಾಳೆ ಅದು ಅವನದೇ ಆಗಿಹೋದ್ರೆ ನಿನ್ನ ಮಕ್ಕಳಿಗೆ ಏನಿರುತ್ತೆ?”

ದೊರೈಸಾಮಿ ಜಗುಲಿ ಹತ್ತಲಿಲ್ಲ. ಅಂಗಳದಲ್ಲಿ ಆ ತುದಿಗೊಮ್ಮೆ ಈ ತುದಿಗೊಮ್ಮೆ ನಡೆದ. ಅಪ್ಪ ತೀರಿಕೊಂಡ ಮೇಲೆ ತಾನು ಓದು ಬಿಟ್ಟು, ತಮ್ಮನನ್ನು ಕೊಯಮತ್ತೂರಿನ ಕಾಲೇಜಿಗೆ ಕಳಿಸಿದವನು ಈ ಅಣ್ಣ. ಎದುರು ಮಾತಾಡಿ ಅಭ್ಯಾಸವಿರಲಿಲ್ಲ.

“ಪಾಲು ಮಾಡಿಬಿಡಿ ಅಣ್ಣಾ. ಪಡುವಣ ಹೊಲ ನನಗೆ ಬರಲಿ. ತೋಟ, ಬಾವಿ, ಮನೆ ಎಲ್ಲ ನೀವೇ ಇಟ್ಟುಕೊಳ್ಳಿ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಮಾಯಣ್ಣ ಕೋಪ ಬರಲಿ ಎಂದು ಕಾದವನಂತಿದ್ದ, ಅದು ಬರಲಿಲ್ಲ.

“ಆಯ್ತು, ತಗೋ. ಸುಬ್ಬಯ್ಯನ್ ಅಲ್ಲೇ ಇರಲಿ.” ಎದ್ದು ಒಳಗೆ ಹೊರಟವನು ಹೊಸ್ತಿಲಲ್ಲಿ ತಿರುಗಿದ. “ಬರೋ ದಾರೀಲಿ ಮಿಕ್ಕ ಹೊಲಗಳನ್ನೂ ನೋಡಿರ್ತೀಯ. ಆ ಗೇಣಿದಾರರಿಗೆಲ್ಲ ಯಾರ ಪಾಲು ಕೊಡ್ತೀಯ?”

ದೊರೈಸಾಮಿ ಉಣ್ಣದೆ, ನೀರೂ ಕುಡಿಯದೆ ಬಂದ ದಾರಿಯಲ್ಲೇ ಹಿಂದಿರುಗಿದ.

ಗಾಡಿ ಊರ ಕಡೆಗೆ ಮುಖ ಮಾಡಿ ಬೇವಿನ ಮರದ ಕೆಳಗೆ ನಿಂತಿತ್ತು. ಒಂದು ಸಾಮಾನನ್ನೂ ಇಳಿಸಿರಲಿಲ್ಲ. “ಹೊಲ ಈಗ ನನ್ನ ಪಾಲಿನದು ಸುಬ್ಬಯ್ಯಾ. ನಿನ್ನನ್ನ ಯಾರೂ ಎಬ್ಬಿಸೋದಿಲ್ಲ, ಮನೆಗೆ ನಡಿ,” ಎಂದ ದೊರೈಸಾಮಿ. ಸುಬ್ಬಯ್ಯನ್ ಎತ್ತಿನ ಕೊರಳು ತಬ್ಬಿಕೊಂಡು ಮುಖ ಮರೆಮಾಡಿದ. ಸಾಮಿಯಾತಾಳ್ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

ದೊರೈಸಾಮಿ ಅವಳ ಕಡೆ ತಿರುಗಿದ. “ಇಷ್ಟಕ್ಕೇ ನಾನು ಸುಮ್ಮನಿರಲ್ಲ, ಸಾಮಿಯಾತಾಳ್. ಸೋಮವಾರ ಮತ್ತೆ ಸಭೆ ಸೇರುತ್ತೆ. ಎಬ್ಬಿಸಿದೋರನ್ನೆಲ್ಲ ತಿರುಗಿ ಕರೆತರಬೇಕು ಅಂತ ಎದ್ದು ನಿಂತು ಕೇಳ್ತೀನಿ. ನೋಡ್ತಿರು!”

ಅವಳು ಬುಟ್ಟಿಯನ್ನು ಪಕ್ಕಕ್ಕಿಟ್ಟು, ಗಾಡಿಯಿಂದ ಇಳಿದು, ಅವನೆದುರು ಕೈ ಜೋಡಿಸಿದಳು.

“ನಿಮ್ಮ ಕಾಲಿಗೆ ಬೀಳ್ತೀನಿ ಐಯಾ. ಈ ಸಲ ಬಿತ್ತೋ ಬೆಳೆ ಮನೆಗೆ ಬರೋವರೆಗಾದರೂ ಅಲ್ಲಿ ನಮ್ಮ ಪರವಾಗಿ ಏನೂ ಮಾತಾಡಬೇಡಿ.”