ರಾಜ ಹೊಡೆಸದ ಡಂಗುರ

ಒಂದಾನೊಂದು ಊರಲ್ಲಿ ಒಬ್ಬ ರಾಜ ಆನೆಯ ಮೇಲಿಂದ ಬಿದ್ದ. ಬಲಗಾಲು ಮುರಿಯಿತು. ಆಳುಕಾಳು ಯಾರೂ ಹತ್ತಿರವಿರಲಿಲ್ಲ. ರಾಣಿ ಸೆರಗು ಬಿಗಿದು, ಅವನನ್ನು ಬೆನ್ನ ಮೇಲೆ ಹಾಕಿಕೊಂಡು, ಕಾರೆಮುಳ್ಳಿನ ದಾರಿಯಲ್ಲಿ ಮೂರು ಮೈಲಿ ನಡೆದು ವೈದ್ಯರ ಮನೆ ಮುಟ್ಟಿಸಿದಳು. ಕಣ್ಣು ಬಿಟ್ಟ ರಾಜ, "ಹೆಂಡ್ತಿ ಬೆನ್ನೇರಿ ಬಂದ ಅಂತ ಜನ ನಗ್ತಾರೆ, ಸದ್ಯಕ್ಕೆ ಯಾರಿಗೂ ಹೇಳ್ಬೇಡ. ಮುಂದೊಂದಿನ ನಾನೇ ಊರೆಲ್ಲ ಕೇಳೋ ಹಂಗೆ ಡಂಗುರ ಹೊಡೆಸ್ತೀನಿ" ಅಂದ.

"ಆಮೇಲೆ?" ಎಂದು ಪುಟ್ಟ ಸಂಘಮಿತ್ರಾ ಪ್ರತಿ ಸಲವೂ ಕೇಳುವಳು. "ಆಮೇಲೇನು, ಇನ್ನೂ ಹೊಡೆಸಿಲ್ಲ. ಹೊಡೆಸಿದ ದಿನ ಕಥೆ ಮುಗೀತದೆ. ಅಲ್ಲಾಡ್ಬೇಡ, ಬೈತಲೆ ಸೊಟ್ಟ ಆಯ್ತದೆ" ಎನ್ನುತ್ತಾ ಅಜ್ಜಿ ಜವರಮ್ಮ ಜಡೆ ಹೆಣೆಯುವಳು. ಜಗಲಿಯ ಮೇಲೆ ಬಲಗಾಲು ಚಾಚಿ ಕೂತ ತಾತ ರಂಗಪ್ಪನಿಗೆ ಸರಿಯಾಗಿ ಆ ಹೊತ್ತಿಗೇ ಕೆಮ್ಮು ಬರುತ್ತಿತ್ತು.

ಆ ಸಂಘಮಿತ್ರಾಗೆ ಈಗ ಇಪ್ಪತ್ತೊಂದು. ಗಡಿ ಕಾಯುವ ಪಡೆಗೆ ಆಯ್ಕೆಯಾದ ಪತ್ರ ಬುದ್ಧನ ಕ್ಯಾಲೆಂಡರಿನ ಹಿಂದೆ ಸೇರಿ ಹನ್ನೆರಡು ದಿನವಾಗಿತ್ತು. ಸೋಮವಾರ ಕಡೂರಲ್ಲಿ ರೈಲು ಹತ್ತದಿದ್ದರೆ ಕೆಲಸ ಹೋದಂತೆಯೇ. "ನಿಮ್ಮ ತಾತ ಹ್ಞೂಂ ಅಂದ್ರೆ ನಂದೂ ಹ್ಞೂಂ" ಎಂದು ಅಪ್ಪ ಬೈಕ್ ಹತ್ತಿ ಹೋಗಿಬಿಟ್ಟಿದ್ದ. ತಾತ ಹ್ಞೂಂ ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ, ಮೊಮ್ಮಗಳಿಗೆ ನಾಲ್ಕು ಮಾತು ಹೇಳಿಸೋಣವೆಂದು, ಪಂಚನಹಳ್ಳಿಯಿಂದ ರಿಟೈರ್ಡ್ ಹವಾಲ್ದಾರ್ ಓಂಕಾರೇಶ್ ಅವರನ್ನು ಕರೆಸಿ ಜಗಲಿಯ ಮೇಲೆ ಕೂರಿಸಿದ.

"ನೋಡಮ್ಮಾ, ಹೆಣ್ಮಕ್ಳು ಮಿಲಿಟ್ರಿಗೆ ಬೇಡ ಅನ್ನೋನಲ್ಲ ನಾನು" ಎಂದರು ಓಂಕಾರೇಶ್. "ವೈರ್‌ಲೆಸ್ಸು, ಆಸ್ಪತ್ರೆ, ಆಫೀಸು, ಎಲ್ಲಾ ಕಡೆ ಇರ್ಲಿ. ಬಂದೂಕ ಹಿಡ್ದು ಮುಂದ್ಗಡೆ ನಿಲ್ಲೋದು ಬೇಡ, ಅಷ್ಟೆ."

"ಓಟದಲ್ಲಿ ನಾನೇ ಫಸ್ಟು, ಸಾರ್. ಗುರಿ ಇಡೋದು ಕಲಿಸಿದ್ರೆ ಕಲೀತೀನಿ."

"ಅದನ್ನ ಯಾರು ಬೇಕಾದ್ರೂ ಕಲೀತಾರೆ ಕಣಮ್ಮಾ. ಪಕ್ಕದೋನು ಬಿದ್ದಾಗ? ನಮ್ಮ ತರೀಕೆರೆ ಶಿವಪ್ರಸಾದನ್ನ ಬೆನ್ ಮೇಲೆ ಹಾಕ್ಕೊಂಡು ಗುಡ್ಡ ಇಳಿಸ್ದೋನು ನಾನು. ಹದಿನೆಂಟು ವರ್ಷ ಆಯ್ತು. ಇವತ್ಗೂ ಅದೇ ತಾರೀಖಿಗೆ ಫೋನ್ ಮಾಡ್ತಾನೆ. ‘ಬದುಕಿದೀನಿ ಕಣಣ್ಣ’ ಅಂತಾನೆ, ಇಟ್ಬಿಡ್ತಾನೆ." ಅವರ ದನಿ ಒಂದು ಕ್ಷಣ ಎಲ್ಲೋ ಹೋಗಿ ಬಂತು. "ಅಷ್ಟು ಭಾರ ನೀನು ಹೊರ್ತೀಯಾ? ಹೇಳು."

ಯುದ್ಧ ಅಂದಾಗಲೆಲ್ಲ ಸಂಘಮಿತ್ರಾ ಕಣ್ಣಿಗೆ ಕಟ್ಟುತ್ತಿದ್ದುದು ಟ್ಯಾಂಕು, ಫಿರಂಗಿಗಳಲ್ಲ, ಕಾರೆಮುಳ್ಳಿನ ದಾರಿ. ಈಗಲೂ ಅದೇ ಕಂಡಿತು. ಜಗಲಿಯ ಕೆಳಗೆ ಹಾರೆಗೆ ತೆಂಗಿನಕಾಯಿ ಕುಟ್ಟಿ ಸಿಪ್ಪೆ ಸುಲಿಯುತ್ತಿದ್ದ ಅಜ್ಜಿಯ ಕಡೆ ತಿರುಗಿ, ಚಿಕ್ಕ ಮಗುವಿನಂತೆ ಕೇಳಿಬಿಟ್ಟಳು:

"ಅಜ್ಜೀ, ಆ ರಾಜ ಎಷ್ಟು ಕೇಜಿ ಇದ್ದ?"

"ಯಾವ ರಾಜ?" ಓಂಕಾರೇಶ್ ತಬ್ಬಿಬ್ಬಾದರು.

ಸುಲಿಯುವ ಸದ್ದು ನಿಂತಿತು. "ಅದನ್ನ ಹೇಳ್ಬೇಕಾದೋಳು ನಾನಲ್ಲ ಕಣೇ" ಎಂದಳು ಜವರಮ್ಮ. ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.

"ಅರವತ್ತೆಂಟು" ಎಂದ ತಾತ.

ಎಲ್ಲರೂ ಅವನ ಕಡೆ ನೋಡಿದರು. ತಾತ ಯಾರನ್ನೂ ನೋಡದೆ ತನ್ನ ಗಿಡ್ಡವಾದ ಬಲಗಾಲನ್ನೇ ನೋಡುತ್ತಿದ್ದ. "ಆ ವಾರಾನೇ ಕೊಬ್ಬರಿ ತೂಗೋ ತಕ್ಕಡೀಲಿ ತಮಾಷೆಗೆ ಕೂತಿದ್ದೆ. ಅರವತ್ತೆಂಟು ಕೇಜಿ. ಬಿದ್ದಿದ್ದು ಆನೆ ಮೇಲಿಂದ ಅಲ್ಲ ಕಣವ್ವ, ನಮ್ಮ ತೋಟದ ತೆಂಗಿನಮರದಿಂದ. ಯಾರದೋ ಗಾಡೀಲಿ ಆಸ್ಪತ್ರೆಗೆ ಬಂದೆ ಅಂತ ನಲವತ್ತು ವರ್ಷ ಹೇಳ್ಕೊಂಡು ತಿರುಗ್ದೆ. ಗಾಡೀನೂ ಇರ್ಲಿಲ್ಲ, ಎತ್ತೂ ಇರ್ಲಿಲ್ಲ. ಇವಳಿದ್ಲು." ಆಮೇಲೆ ಓಂಕಾರೇಶ್ ಕಡೆ ತಿರುಗಿದ. "ಆ ನಿನ್ನ ಶಿವಪ್ರಸಾದ ವರ್ಷಾ ವರ್ಷಾ ಫೋನ್ ಮಾಡ್ತಾನೆ ಅಂದ್ಯಲ್ಲಪ್ಪ. ನಾನು ಒಂದೇ ಮನೇಲಿ ಇದ್ಕೊಂಡು ಒಂದ್ಸಲಾನೂ ಹೇಳ್ಲಿಲ್ಲ."

ಓಂಕಾರೇಶ್ ಜಗಲಿಯ ಅಂಚಿಗೆ ಸರಿದು ಕೂತರು. ಜವರಮ್ಮನನ್ನು ಕೇಳಿದರು: "ಅಮ್ಮಾ, ದಾರೀಲಿ ಎಷ್ಟು ಸಲ ಇಳಿಸಿದ್ರಿ?"

"ಇಳಿಸಿದ್ರೆ ಮತ್ತೆ ಎತ್ತಕ್ಕಾಗಲ್ಲ ಅಂತ ಗೊತ್ತಿತ್ತು ಕಣಪ್ಪ. ಇಳಿಸ್ಲೇ ಇಲ್ಲ."

"ನಾನೂ ಇಳಿಸ್ಲಿಲ್ಲ" ಎಂದರು ಹವಾಲ್ದಾರರು. ಎದ್ದು ನಿಂತು, ಚಪ್ಪಲಿ ಮೆಟ್ಟುತ್ತಾ ಸಂಘಮಿತ್ರಾಗೆ ಅಂದರು: "ನಾಳೆ ಸ್ಟೇಷನ್ನಿಗೆ ನಾನೂ ಬತ್ತೀನಮ್ಮ. ಕಾಲಿಗೆ ಎರಡು ಜೊತೆ ಉಣ್ಣೆ ಸಾಕ್ಸ್ ಇಟ್ಕೊ, ಮರೀಬೇಡ."

ಸಂಘಮಿತ್ರಾ ತಾತನ ಮುಖ ನೋಡಿದಳು. "ಹ್ಞೂಂ" ಎಂದ ತಾತ. "ಹೋಗು. ಆದ್ರೆ ಕಥೆ ಮುಗಿಸ್ದೆ ಮೊಮ್ಮಗಳನ್ನ ಕಳಿಸ್ಬಾರ್ದು." ಅಂದವನೇ ಕುಂಟುತ್ತಾ ಜಗಲಿ ಇಳಿದ. ಕೋಳಿಗೆ ನೀರಿಡುತ್ತಿದ್ದ ಹಳೇ ಎಣ್ಣೆ ಡಬ್ಬ ಬೋರಲು ಹಾಕಿ, ಊರುಗೋಲು ಎತ್ತಿ ಬಾರಿಸತೊಡಗಿದ. ಎದುರಿನ ನೀರಿನ ಟ್ಯಾಂಕಿನ ಹತ್ತಿರ ಬಿಂದಿಗೆ ಹಿಡಿದವರು, ಬಸ್ಸಿಗೆ ಕಾದವರು, ಎಲ್ಲರೂ ತಿರುಗಿ ನಿಂತರು.

"ಕೇಳ್ರಪ್ಪೋ, ಕೇಳ್ರಿ! ಈ ರಂಗಪ್ಪ ಬದುಕಿರೋದು ಗಾಡಿಯಿಂದಲ್ಲ, ನಮ್ಮ ಜವರಮ್ಮ ಮೂರು ಮೈಲಿ ಹೊತ್ತಿದ್ದಕ್ಕೆ! ಅವಳ ಮೊಮ್ಮಗಳು ನಾಳೆ ಗಡಿಗೆ ಹೊರಟವ್ಳೆ!"

"ಸಾಕು ಬಿಡು, ಡಬ್ಬ ತೂತಾಯ್ತದೆ" ಎಂದಳು, ಕಾಯಿ ಬಿಟ್ಟು ಅವನ ಪಕ್ಕಕ್ಕೆ ಬಂದು ನಿಂತಿದ್ದ ಜವರಮ್ಮ. ಆದರೆ ನಿಂತಲ್ಲಿಂದ ಒಂದಿಷ್ಟೂ ಕದಲಲಿಲ್ಲ. ಊರುಗೋಲು ಡಬ್ಬ ಬಾರಿಸುತ್ತಿತ್ತು. ತಾತನ ಭಾರವೆಲ್ಲ ಅವಳ ಹೆಗಲ ಮೇಲಿತ್ತು.