ಅತ್ತೆಯ ಬದಿಯ ಕಲ್ಲು

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮಾವನ ಹಳೆಯ ದೋಣಿ ರಿಪೇರಿ ಮುಗಿಸಿಕೊಂಡು ನೀರಿಗಿಳಿಯಿತು. ಅಳಿಯ ಹಿಂದಿನ ಮಣೆಯ ಮೇಲೆ ರಸಮಟ್ಟವಿಟ್ಟು ಉಸಿರು ಬಿಗಿಹಿಡಿದು ನೋಡಿದ. ಅದರ ಗಾಜಿನ ನಳಿಗೆಯೊಳಗಿನ ಗುಳ್ಳೆ ಎರಡು ಗೆರೆಗಳ ನಟ್ಟನಡುವೆ ಬಂದು ಕೂತಿತು.

ದಡದಲ್ಲಿ ಕೂತಿದ್ದ ಮಾವ ಆಕಳಿಸಿದರು. ಆಸ್ಪತ್ರೆಯಿಂದ ಬಂದಾಗಿನಿಂದ ಅವರದು ಎರಡೇ ಮಾತು. ಒಂದು, ತನ್ನ ತೂಕ ಇಳಿದಿಲ್ಲ, ಒಗೆದೂ ಒಗೆದೂ ಅಂಗಿ ಹಿಗ್ಗಿದೆ. ಇನ್ನೊಂದು, ದೋಣಿಯ ಆಯಸ್ಸು ಮುಗಿಯಿತು, ಸೌದೆಗೆ ಕೊಡಿ. ತಕ್ಕಡಿ ಹತ್ತಲು ಒಪ್ಪದವರು ಸೌದೆಯವನಿಗೆ ಮಾತ್ರ ಸೋಮವಾರ ಬಾ ಎಂದು ಹೇಳಿಬಿಟ್ಟಿದ್ದರು. ಅಳಿಯ ಕಾಡಿ ಬೇಡಿ ಒಂದು ಅವಕಾಶ ಗಿಟ್ಟಿಸಿದ್ದ: ಮಾವ, ಅತ್ತೆ ಮೊದಲಿನಂತೆ ಅಕ್ಕಪಕ್ಕ ಕೂತಾಗ ವಾಲದಿದ್ದರೆ ದೋಣಿ ಉಳಿಯಲಿ, ವಾಲಿದರೆ ಒಲೆಗೆ ಹೋಗಲಿ.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಈ ಅಳಿಯ ದೋಣಿಯ ರಿಪೇರಿಯಲ್ಲಿ ಸಾಕಷ್ಟು ತಪ್ಪು ಮಾಡಿದ್ದ. ಒಣಗಿದ ಹಲಗೆಗಳ ಸಂದಿಗೆ ನೀರು ಸೋರದಂತೆ ಮೆತ್ತುವ ಅಂಟನ್ನು ಗಿಡಿದು ತುಂಬಿದ್ದ. ಒದ್ದೆ ಗೋಣಿ ಹೊದೆಸಿದ ಮೇಲೆ ಮರ ಉಬ್ಬಿ ಅದೆಲ್ಲ ಟೂತ್‌ಪೇಸ್ಟಿನಂತೆ ಹೊರಗೆ ಬಂದಿತ್ತು. ಬಣ್ಣ ಬಳಿಯುವ ಹುರುಪಿನಲ್ಲಿ ನೀರು ಬಸಿಯುವ ತೂತನ್ನೂ ಮುಚ್ಚಿ, ಆಮೇಲೆ ಅದನ್ನು ಹುಡುಕುತ್ತ ದೋಣಿಯ ತುಂಬ ತೆವಳಿದ್ದ. ಮಾವ ಮೀಸೆಯಡಿಯಲ್ಲೇ ನಕ್ಕಿದ್ದರು.

ಇನ್ನೊಂದು ತಪ್ಪನ್ನು ಕಂಡುಹಿಡಿದವರು ಆಗಷ್ಟೇ ದಡಕ್ಕೆ ಬಂದ ಅತ್ತೆ. ದೋಣಿಯ ಶೆಡ್ಡಿನ ಬಾಗಿಲು ಬಡಿಯದಂತೆ ಒತ್ತು ಕೊಟ್ಟಿದ್ದ ಚಪ್ಪಟೆ ಕಲ್ಲನ್ನು ನೋಡಿ ಅವರು ಅಲ್ಲೇ ನಿಂತರು. ಹಿಂದಿನ ಮಣೆಯ ಕೆಳಗೆ, ಎಡಬದಿಯಲ್ಲಿತ್ತು, ಕಸವೆಂದು ತೆಗೆದೆ ಎಂದ ಅಳಿಯ.

“ಕಸ ಅಲ್ಲಪ್ಪಾ, ಅದು ನಾನು” ಎಂದರು ಅತ್ತೆ.

ಮದುವೆಯಾದ ಹೊಸತರಲ್ಲಿ ಅತ್ತೆ ಕಡ್ಡಿ, ಮಾವ ಕಂಬ. ಜೋಡಿಯಾಗಿ ಕೂತರೆ ದೋಣಿ ಕಂಬದ ಕಡೆಗೇ ವಾಲುತ್ತಿತ್ತು. ಮಾವ ಹೆಂಡತಿಯ ಬದಿಗೆ ಮೂರು ಕಲ್ಲಿಟ್ಟು ಸರಿದೂಗಿಸಿದರು. ದೊಡ್ಡ ಮಗಳು ಹುಟ್ಟಿದ ಮೇಲೆ ಒಂದನ್ನು ತೆಗೆದರು, ಚಿಕ್ಕವಳು ಹುಟ್ಟಿದ ಮೇಲೆ ಇನ್ನೊಂದನ್ನು. ತೆಗೆದಾಗಲೆಲ್ಲ ಹೆಂಡತಿ ಒಂದು ಕಲ್ಲಿನಷ್ಟು ದಪ್ಪಗಾದಳೆಂದು ನೆಂಟರಿಷ್ಟರಿಗೆ ಸಾರಿಕೊಂಡು ಬಂದರು.

“ಮೂರನೇದು ತೆಗೆಯೋ ಹಾಗಾಗಬಾರದು ಅಂತ ಅವತ್ತು ಸಕ್ಕರೆ ಬಿಟ್ಟವಳು ನಾನು. ಇವತ್ತಿನವರೆಗೂ ಒಂದು ಗ್ರಾಂ ಏರಿಲ್ಲ.”

ಖಾಲಿ ದೋಣಿಗೆ ಮಟ್ಟ ಹಿಡಿದು ಬೀಗಿದ್ದ ಮೇಷ್ಟರು ಇಂಗು ತಿಂದ ಮಂಗನಂತಾದರು. ಓಡಿಹೋಗಿ, ಮಣೆಯ ಕೆಳಗೆ ತಾನೇ ಕೂರಿಸಿದ್ದ ಹೊಸ ಹಲಗೆಯನ್ನು ಕಿತ್ತು, ಕಲ್ಲನ್ನು ಎಡಬದಿಗೆ ಇಟ್ಟದ್ದಾಯಿತು. ಅತ್ತೆ ಎಡಕ್ಕೆ ಕೂತರು, ಮಾವ ಬಲಕ್ಕೆ. ದೋಣಿ ಒಮ್ಮೆ ತೂಗಾಡಿ ಅತ್ತೆಯ ಕಡೆಗೆ ವಾಲಿ ನಿಂತಿತು. ಗುಳ್ಳೆ ಮಾವನ ಕಡೆಗೆ ಓಡಿತ್ತು.

“ಸೋತಿರಿ ಅಳಿಯಂದ್ರೇ” ಎಂದರು ಮಾವ. “ಸೌದೆಯವನು ಬರಲಿ ಬಿಡಿ.”

ಅತ್ತೆ ಗುಳ್ಳೆಯನ್ನು ನೋಡಲಿಲ್ಲ. ಮಾವನ ಕುತ್ತಿಗೆಯ ಸುತ್ತ ಸಡಿಲವಾಗಿ ನಿಂತಿದ್ದ ಅಂಗಿಯ ಕಾಲರನ್ನು ನೋಡಿದರು.

“ಕಲ್ಲು ಇವರ ಕಡೆ ಇಡಪ್ಪಾ.”

“ಏನೂ ಬೇಕಾಗಿಲ್ಲ” ಎಂದರು ಮಾವ.

“ಇಷ್ಟು ವರ್ಷ ನನ್ನ ಪಕ್ಕ ಕಲ್ಲಿಟ್ಟು ನಗಾಡಿದ್ರಲ್ಲ? ಈಗ ನನ್ನ ಸರದಿ. ಸುಮ್ನೆ ಕೂತ್ಕೊಳ್ಳಿ.”

ಮಾವ ಕಾಲು ಸರಿಸಿ ಕಲ್ಲಿಗೆ ಜಾಗ ಬಿಟ್ಟರು. ಅಳಿಯ ಅದನ್ನು ಬಲಬದಿಗೆ ಇಟ್ಟಾಗ ಗುಳ್ಳೆ ಮೆಲ್ಲಗೆ ನಡುವಿಗೆ ಬಂತು. ಎರಡು ಹುಟ್ಟುಗಳಲ್ಲಿ ಒಂದನ್ನು ಮಾವ ಹೆಂಡತಿಯ ಕೈಗೆ ಕೊಟ್ಟರು, ಅತ್ತೆ ಅಳಿಯನನ್ನು ದಡದಲ್ಲೇ ಬಿಟ್ಟು ನೀರನ್ನು ತಳ್ಳಿದರು.

ಸೋಮವಾರ, ಸೌದೆಯವನು ಬರಬೇಕಿದ್ದ ಹೊತ್ತಿಗೆ, ಅತ್ತೆ ಗುಟ್ಟಾಗಿ ಹೇಳಿದ್ದಂತೆ ಅಳಿಯ ಆ ಕಲ್ಲನ್ನು ಕಾಲೇಜಿನ ತಕ್ಕಡಿಯ ಮೇಲಿಟ್ಟ. ನಾಲ್ಕು ಕಿಲೋ ಇನ್ನೂರು ಗ್ರಾಂ. ಮಾವ ಮೊದಲು ಅತ್ತೆಗಿಂತ ಅಷ್ಟು ಹೆಚ್ಚಿದ್ದರು, ಈಗ ಅಷ್ಟು ಕಡಿಮೆ. ಆಸ್ಪತ್ರೆಯ ವೈದ್ಯರಿಗೆ ಫೋನು ಮಾಡಿ, ಮಾವನ ತೂಕ ಇಳಿದದ್ದು ಇಷ್ಟೆಂದು ಅವನು ಹೇಳಿದ್ದು ಎರಡರ ಮೊತ್ತ: ಎಂಟು ಕಿಲೋ ನಾನೂರು ಗ್ರಾಂ.