ಹಿಂದಿನ ಕೋಣೆಯ ಬೀಗ

ಸಂಜೆ ತರಗತಿಯಲ್ಲಿ ಕಲಿತ ಅರೆಬರೆ ಕಾನೂನಿನ ಕಥೆ ಇದು. ಹೇಳಲು ಹೊರಟಿದ್ದೇ ತಪ್ಪಾಗಿದ್ದರೆ ಬಲ್ಲವರು ಮನ್ನಿಸಬೇಕು.

ಹರಾಜಿಗೆ ಬಂದ ಮನೆಯನ್ನು ನೋಡಲು ಪ್ಲಂಬರ್ ಗೇಟು ದಾಟುವಾಗ ಆರನೆಯ ಗಿರಾಕಿ ಹೊರಗೆ ಓಡುತ್ತಿದ್ದ. ಓಡಿಸಿದವಳು ಮೆಟ್ಟಿಲ ಮೇಲೆ ಸ್ವೆಟರ್ ಹೆಣೆಯುತ್ತ ಕುಳಿತಿದ್ದ ಅಜ್ಜಿ. ಪಕ್ಕದ ಮನೆಯವಳಿರಬೇಕು, ತನ್ನವರಿಗೆ ಅಗ್ಗವಾಗಿ ಕೊಡಿಸುವ ಹುನ್ನಾರ ಎಂದುಕೊಂಡ ಪ್ಲಂಬರ್.

“ಈ ಮನೆ ಮೇಲೆ ತಲೆಗೂದಲಷ್ಟು ಸಾಲ ಇದೆಯಪ್ಪಾ,” ಎಂದಳು. “ಎರಡನೇ ಸಾಲ ಕೊಟ್ಟೋನು ಒಬ್ಬ, ತಾರಸಿ ಹಾಕಿದ ಮೇಸ್ತ್ರಿ ಇನ್ನೊಬ್ಬ. ಎಲ್ಲಾ ಕೊಂಡೋರ ಕುತ್ತಿಗೆಗೇ.”

“ಇಲ್ಲ ಅಜ್ಜಿ. ಅವೆಲ್ಲ ಬ್ಯಾಂಕಿನ ಅಡಮಾನ ಆದ್ಮೇಲೆ ಹುಟ್ಟಿದ್ದು. ಬ್ಯಾಂಕ್ ಹರಾಜು ಹಾಕಿದ್ರೆ ಬಿದ್ದುಹೋಗುತ್ತೆ, ನಮ್ಮ ಸಂಜೆ ತರಗತಿ ಮೇಷ್ಟ್ರು ಹೇಳಿದಾರೆ. ಮನೆ ತೆರಿಗೆ ಬಾಕಿ ಒಂದು ನಾನು ಕಟ್ಟಬೇಕು, ಅಷ್ಟೇ.”

ಹೇಳಿದನೇನೋ ಸರಿ, ಧೈರ್ಯ ಸಾಲದೆ ಕೈಲಿದ್ದ ಕಾಗದಗಳನ್ನು ಮತ್ತೊಮ್ಮೆ ತಿರುವಿ ನೋಡಿದ. ಹನ್ನೊಂದು ವರ್ಷ ಹೆಂಡತಿಯೊಡನೆ ಒಂದೇ ಬಾಡಿಗೆ ಕೋಣೆಯಲ್ಲಿದ್ದು ಕೂಡಿಟ್ಟದ್ದೆಲ್ಲ ಇದಕ್ಕೇ. ಅಡಮಾನದ ದಿನದಿಂದ ಈಚಿನ ದಾಖಲೆಗಳನ್ನು ಎರಡೆರಡು ಸಲ ಓದಿದ್ದ. ಪಾಠದ ಉಳಿದ ಭಾಗ ಗುರುವಾರಕ್ಕೆ ಎಂದಿದ್ದರು ಮೇಷ್ಟ್ರು. ಹರಾಜು ಬುಧವಾರ.

ಅಜ್ಜಿ ಕಡ್ಡಿ ಕೆಳಗಿಟ್ಟಳು. “ಗೊರಕೆ ಹೊಡೀತೀಯಾ?”

“ಇಲ್ಲ. ಯಾಕೆ?”

“ಗೋಡೆ ತೆಳು. ಏನು ಕೆಲಸ?”

“ಪ್ಲಂಬರ್.”

ಅವಳ ಮುಖ ಊರಗಲವಾಯಿತು. “ಮತ್ತೆ ನಿಂಗ್ಯಾಕೆ ಭಯ? ತಗೋ.”

ಅವನು ಒಳಗೆಲ್ಲ ನೋಡಿ ಬಂದು ಕೇಳಿದ, “ಹಿಂದಿನ ಕೋಣೆಗೆ ಬೀಗ ಇದೆಯಲ್ಲಾ?”

“ಕೀಲಿ ಎಲ್ಲೂ ಹೋಗಲ್ಲ ಬಿಡು.”

ಬುಧವಾರ ಸವಾಲು ಕೂಗಿದವನು ಅವನೊಬ್ಬನೇ. ‘ಮನೆ ಇದ್ದಂತೆಯೇ ಮಾರಾಟ’ ಎಂಬ ಕಾಗದಕ್ಕೆ ಸಹಿ ಬಿತ್ತು. “ಪಾಠ ಮುಗಿಯೋ ಮುಂಚೆ ಪರೀಕ್ಷೆ ಪಾಸಾದ್ರಲ್ರೀ!” ಎಂದು ಹೆಂಡತಿ ನಕ್ಕಳು.

ಸಾಮಾನು ಇಳಿಸುವ ದಿನ ಅಜ್ಜಿ ನೆಟ್ಟಗೆ ಒಳಗೆ ಬಂದು, ಸೊಂಟದಿಂದ ಕೀಲಿ ತೆಗೆದು ಹಿಂದಿನ ಕೋಣೆ ತೆರೆದಳು. ಹಾಸಿದ ಮಂಚ. ಗೋಡೆಯಲ್ಲಿ ಅವಳದೇ ಹರೆಯದ ಫೋಟೋ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ತುಂಬಿದ ಬಕೆಟ್.

ದಿಂಬಿನಡಿಯಿಂದ ಒಂದು ಪತ್ರ ತೆಗೆದು ಅವನ ಕೈಗಿತ್ತಳು. ಈ ಮನೆಯನ್ನು ತಮ್ಮನ ಮಗನಿಗೆ ಬರೆದುಕೊಡುವಾಗ, ಬದುಕಿರುವಷ್ಟು ಕಾಲ ಈ ಕೋಣೆಯಲ್ಲಿರುವ ಹಕ್ಕನ್ನು ಅವಳು ನೋಂದಾಯಿಸಿ ಉಳಿಸಿಕೊಂಡಿದ್ದಳು. ಅವನು ಮನೆಯನ್ನು ಬ್ಯಾಂಕಿಗೆ ಅಡಮಾನ ಇಡುವುದಕ್ಕೆ ಎರಡು ವರ್ಷ ಮೊದಲು.

“ಆಮೇಲೆ ಹುಟ್ಟಿದ್ದು ಬಿದ್ದುಹೋಗುತ್ತೆ ಅಂದೆ. ಮೊದಲೇ ಹುಟ್ಟಿದ್ದು?”

ಪ್ಲಂಬರ್ ಪತ್ರದ ತಾರೀಖನ್ನು ಮತ್ತೊಮ್ಮೆ ಓದಿದ. ಮೊದಲೇ ಹುಟ್ಟಿದ್ದು ಹರಾಜಾದರೂ ಉಳಿಯುತ್ತದೆ: ಮನೆ ಸಿಕ್ಕ ಖುಷಿಯಲ್ಲಿ ಅವನು ತಪ್ಪಿಸಿಕೊಂಡಿದ್ದ ಗುರುವಾರದ ಪಾಠ ಅದೇ ಇದ್ದಿರಬೇಕು. ಬ್ಯಾಂಕಿನವರಿಗೆ ಇದು ಮೊದಲೇ ಗೊತ್ತಿತ್ತೋ ಇಲ್ಲವೋ, ಅದು ಇಂದಿಗೂ ತಿಳಿದಿಲ್ಲ.

“ಆರು ಜನ ಬಂದಿದ್ರು,” ಎಂದಳು ಅಜ್ಜಿ, ಬಕೆಟನ್ನು ಅವನತ್ತ ಸರಿಸುತ್ತ. “ಒಬ್ಬನಿಗೆ ಗೊರಕೆ, ಒಬ್ಬನ ಜೊತೆ ನಾಯಿ, ಒಬ್ಬನ ಹೆಂಡತಿದು ಬಾಯಿ ಜೋರು. ನಲ್ಲಿ ರಿಪೇರಿ ಬರೋನು ನೀನೊಬ್ಬನೇ ಕಣಪ್ಪಾ.”